ಮೇಲಧಿಕಾರಿಗೆ ತಿಳಿಯುವ ವರದಿ

ಪುಣೆ, ಹೈದರಾಬಾದು, ಚೆನ್ನೈಗಳಲ್ಲಿ ನೆಲೆನಿಂತ ನಮ್ಮ ಕನ್ನಡ ಮನೆಗಳಲ್ಲಿ ಸಾಫ್ಟ್‌ವೇರ್ ಪರೀಕ್ಷೆಯ ಉದ್ಯೋಗದಲ್ಲಿರುವ ಮಕ್ಕಳು ಅನೇಕರಿದ್ದಾರೆ. ಸಾಫ್ಟ್‌ವೇರ್ ಬಳಕೆಗೆ ಹೋಗುವ ಮುನ್ನ ಅದರ ದೋಷಗಳನ್ನು ಹುಡುಕುವುದು ಅವರ ಕೆಲಸ. ಹುಡುಕಿದ್ದನ್ನು ಮೇಲಧಿಕಾರಿಗೆ ತಿಳಿಯುವಂತೆ ಹೇಳುವುದೂ ಅಷ್ಟೇ ದೊಡ್ಡ ಕೆಲಸವೆಂದು ನಾವು ಭಾವಿಸುತ್ತೇವೆ.

ವಾರದ ವರದಿಯೊಂದು ಹೀಗಿದೆಯೆನ್ನೋಣ: ‘400 ಪರೀಕ್ಷೆಗಳಲ್ಲಿ 380 ತೇರ್ಗಡೆ, 20 ಬಾಕಿ.’ ನೂರಕ್ಕೆ ತೊಂಬತ್ತೈದು! ಮಗು ತಂದ ಅಂಕಪಟ್ಟಿಯಾಗಿದ್ದರೆ ಮನೆಯಲ್ಲಿ ಪಾಯಸವಾಗುತ್ತಿತ್ತು. ಆದರೆ ಬಾಕಿಯಾದ 20ರಲ್ಲಿ ಹಣ ವರ್ಗಾವಣೆಯ ಪರೀಕ್ಷೆಯೇ ಸೇರಿದ್ದರೆ? ಲೆಕ್ಕಪತ್ರದಲ್ಲೋ ವ್ಯಾಪಾರದಲ್ಲೋ ಪಳಗಿದ ಮೇಲಧಿಕಾರಿಗೆ ಅಂಕಿಯ ಹಿಂದಿನ ಅಪಾಯ ಕಾಣದು. ಅದನ್ನು ಕಾಣಿಸುವುದು ಬರೆಯುವವರ ಹೊಣೆ.

ಇಂಥ ಅಪಾಯ ಎಷ್ಟು ದೊಡ್ಡದಾಗಬಹುದೆಂಬುದಕ್ಕೆ ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕೇ ಸಾಕ್ಷಿ. 2018ರ ಏಪ್ರಿಲ್‌ನಲ್ಲಿ ಅದು ಸುಮಾರು 50 ಲಕ್ಷ ಗ್ರಾಹಕರ ಲೆಕ್ಕಗಳನ್ನು ಹೊಸ ಕಂಪ್ಯೂಟರ್ ವ್ಯವಸ್ಥೆಗೆ ಸಾಗಿಸಿತು. ಆ ವ್ಯವಸ್ಥೆ ನಡೆಯಬೇಕಾಗಿದ್ದುದು ಎರಡು ಕೇಂದ್ರಗಳಲ್ಲಿ. ಎಷ್ಟು ಭಾರ ತಾಳೀತೆಂಬ ಪರೀಕ್ಷೆ ನಡೆದದ್ದು ಒಂದರಲ್ಲಿ ಮಾತ್ರ. ಲಕ್ಷಾಂತರ ಜನ ತಮ್ಮ ಹಣವನ್ನೇ ಮುಟ್ಟಲಾರದೆ ಪರದಾಡಿದರು. ಸಾಮಾನ್ಯ ವಿವೇಕದ ಕೆಲವು ಪ್ರಶ್ನೆಗಳನ್ನು ನಿರ್ದೇಶಕ ಮಂಡಳಿ ಕೇಳಬೇಕಾಗಿತ್ತೆಂದು 2019ರ ಸ್ವತಂತ್ರ ವಿಚಾರಣೆಯ ವರದಿ ಹೇಳಿತು. 2022ರಲ್ಲಿ ಬ್ಯಾಂಕಿಗೆ ಬಿದ್ದ ದಂಡ 4 ಕೋಟಿ 86 ಲಕ್ಷ ಪೌಂಡಿಗೂ ಮೇಲು.

ಮೇಲಿನವರು ಕೇಳಲಿ ಬಿಡಲಿ, ಅಂಥ ಪ್ರಶ್ನೆಗಳಿಗೆ ಉತ್ತರ ಕಾಗದದ ಮೇಲಿರಬೇಕು. ಒಂದು ಪುಟ ಸಾಕು. ನಿಗದಿಯಾದ ದಿನ ಬಿಡುಗಡೆ ಮಾಡಬಹುದೇ ಕೂಡದೇ ಎಂಬುದು ಮೊದಲ ಸಾಲಿನಲ್ಲಿಯೇ ಬರಲಿ. ಉಳಿದ ದೋಷಗಳಿಂದ ಯಾರಿಗೆ ಏನು ತೊಂದರೆ, ಪರೀಕ್ಷಿಸದೆ ಉಳಿದದ್ದು ಯಾವುದು, ಏಕೆ ಎಂಬುದು ಅನಂತರ. ಮೇಲಧಿಕಾರಿ ಏನನ್ನು, ಯಾವ ದಿನದೊಳಗೆ ತೀರ್ಮಾನಿಸಬೇಕೆಂಬುದು ಕೊನೆಗೆ. ‘ಲೋಡ್ ಟೆಸ್ಟ್ ಬಾಕಿ’ ಎಂದು ಬರೆದರೆ ಅರ್ಥವಾಗದು. ‘ಸಂಬಳದ ದಿನ ಎಲ್ಲರೂ ಒಟ್ಟಿಗೆ ಬಂದರೆ ವ್ಯವಸ್ಥೆ ತಾಳೀತೇ ಎಂದು ಇನ್ನೂ ನೋಡಿಲ್ಲ, ನೋಡಲು ಆರು ದಿನ ಬೇಕು’ ಎಂದರೆ ಯಾರಿಗಾದರೂ ತಿಳಿದೀತು. ಹಸಿರು, ಹಳದಿ, ಕೆಂಪು ಗುರುತು ಹಾಕುವ ರೂಢಿಯಿದ್ದಲ್ಲಿ ಪ್ರತಿ ಬಣ್ಣಕ್ಕೂ ಒಂದು ವಾಕ್ಯದ ಕಾರಣವಿರಲಿ. ಅಂಕಿಗಳ ಪಟ್ಟಿಯನ್ನು ಬೇಕಾದವರಿಗಾಗಿ ಬೇರೆಯಾಗಿ ಲಗತ್ತಿಸಬಹುದು.

ಸರಳವಾಗಿ ಹೇಳುವ ನೆಪದಲ್ಲಿ ಕಹಿಯನ್ನು ಮುಚ್ಚಿಡಬಾರದು. ತಡವಾದರೆ ಮೇಲಿನವರು ಗದರಿಸಿಯಾರು. ಆದರೆ ಹಣ ಸಿಗದೆ ಬ್ಯಾಂಕಿನ ಬಾಗಿಲಲ್ಲಿ ನಿಲ್ಲುವವರು ನಮ್ಮ ಅಜ್ಜ-ಅಜ್ಜಿಯರೇ ಆಗಿರಬಹುದು. ವರದಿ ಬರೆಯುವ ನಮ್ಮ ಮಕ್ಕಳಿಗೆ ಆ ನೆನಪಿದ್ದರೆ ಯಾವ ಮಾತು ಮೊದಲು ಬರಬೇಕೆಂಬುದು ತಾನಾಗಿಯೇ ಹೊಳೆದೀತು.