ರೆಸಿನ್ ಎರಕದ ವಿಮಾನ ಪ್ರತಿಕೃತಿ: ಮಾರುತದ ಎರಡು ಆಸನದ ರೂಪವನ್ನು ಕುರಿತು

ಪ್ರತಿಕೃತಿಯೆಂದೊಡನೆ ಆಟದ ಸಾಮಾನು ನೆನಪಿಗೆ ಬರುವುದು ಸಹಜ. ಆದರೆ ಬೆಂಗಳೂರಿನಲ್ಲಿ ರೂಪುಗೊಂಡ ಎಚ್.ಎಫ್.-24 ಮಾರುತ ವಿಮಾನದ ಚರಿತ್ರೆಯಲ್ಲಿ ಪ್ರತಿಕೃತಿಗೆ ಗೌರವದ ಸ್ಥಾನವುಂಟು. ಜರ್ಮನಿಯ ವಿನ್ಯಾಸಕ ಕುರ್ಟ್ ಟಾಂಕ್ ಅವರು 1956ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಗೆ ಬಂದು ಈ ಯುದ್ಧವಿಮಾನದ ಕೆಲಸವನ್ನು ಕೈಗೊಂಡರು. ಲೋಹದ ವಿಮಾನವು ಸಿದ್ಧವಾಗುವ ಮುನ್ನ ಅದರ ಪೂರ್ಣಗಾತ್ರದ ಗ್ಲೈಡರೊಂದನ್ನು ಮರದಲ್ಲಿ ನಿರ್ಮಿಸಿ, ಡಕೋಟಾ ವಿಮಾನಕ್ಕೆ ಕಟ್ಟಿ ಎಳೆಯಿಸಿ, 1959ರಲ್ಲಿ ಹಾರಿಸಿ ನೋಡಿದರು. ಎಂಜಿನ್ನುಳ್ಳ ಮೊದಲ ವಿಮಾನವು ಸುರಂಜನ್ ದಾಸ್ ಅವರ ಚಾಲನೆಯಲ್ಲಿ 1961ರ ಜೂನ್ 17ರಂದು ಮೇಲೇರಿತು. ಅಂದು ಪ್ರತಿಕೃತಿಯು ಇನ್ನೂ ಇಲ್ಲದ ವಿಮಾನವನ್ನು ಅರಿಯುವ ಸಾಧನವಾಗಿತ್ತು. 1990ರ ಹೊತ್ತಿಗೆ ಮಾರುತವು ವಾಯುಪಡೆಯಿಂದ ನಿವೃತ್ತವಾಯಿತು; ಇಂದು ಪ್ರತಿಕೃತಿಯು ಇನ್ನಿಲ್ಲದ ವಿಮಾನವನ್ನು ಅರಿಯುವ ಸಾಧನವಾಗಬಲ್ಲದೆಂಬುದು ನಮ್ಮ ಅಭಿಪ್ರಾಯ. ಆದರೆ ಅದಕ್ಕೊಂದು ನಿಬಂಧನೆಯಿದೆ. ಮಾಡುವವನು ತಾನು ಗೈದ ಪ್ರತಿಯೊಂದು ಬದಲಾವಣೆಗೂ ಆಧಾರವನ್ನು ತೋರಿಸಬಲ್ಲವನಾಗಿರಬೇಕು.

ಮೊದಲು ವಸ್ತುವಿನ ವಿಚಾರ. ಅಂಗಡಿಗಳಲ್ಲಿ ದೊರೆಯುವ ಸಾಮಾನ್ಯ ಪ್ಲಾಸ್ಟಿಕ್ ಪ್ರತಿಕೃತಿಗಳು ಉಕ್ಕಿನ ಅಚ್ಚಿನಲ್ಲಿ ಪಾಲಿಸ್ಟೈರೀನನ್ನು ಒತ್ತಿ ತೆಗೆದವು. ಉಕ್ಕಿನ ಅಚ್ಚಿಗೆ ತಗಲುವ ವೆಚ್ಚ ಬಹಳ. ಸಾವಿರಗಟ್ಟಲೆ ಮಾರಾಟವಾಗದಿದ್ದರೆ ಹುಟ್ಟುವಳಿಯಿಲ್ಲ. ಒಟ್ಟು ನೂರೈವತ್ತನ್ನೂ ಮುಟ್ಟದ ಸಂಖ್ಯೆಯಲ್ಲಿ ನಿರ್ಮಿತವಾದ ಮಾರುತದಂತಹ ವಿಮಾನಕ್ಕೆ ಅಷ್ಟು ಗಿರಾಕಿಗಳು ಎಲ್ಲಿಯವರು? ಇಂತಹ ವಿಮಾನಗಳಿಗೆ ರೆಸಿನ್ ಎರಕವೇ ಗತಿ. ಕೈಯಿಂದ ಕೆತ್ತಿ ತಿದ್ದಿದ ಮೂಲಮಾದರಿಯ ಸುತ್ತ ಸಿಲಿಕೋನ್ ರಬ್ಬರನ್ನು ಸುರಿದು ಅಚ್ಚು ತೆಗೆಯುತ್ತಾರೆ. ಎರಡು ದ್ರವಗಳನ್ನು ಬೆರಸಿದೊಡನೆ ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗುವ ಪಾಲಿಯುರಿಥೇನನ್ನು ಅದರೊಳಗೆ ಎರೆಯುತ್ತಾರೆ. ಮೇಣದ ಮಾದರಿಯ ಮೇಲೆ ಮಣ್ಣು ಮೆತ್ತಿ ಕಂಚು ಎರೆಯುವ ನಮ್ಮ ಕಂಚುಗಾರರು ಒಂದು ವಿಗ್ರಹಕ್ಕೆ ಒಂದು ಅಚ್ಚನ್ನು ಒಡೆಯುತ್ತಾರೆ. ರಬ್ಬರಿನ ಅಚ್ಚು ಹಲವು ಎರಕಗಳಿಗೆ ಬಂದರೂ ಪ್ರತಿ ಸಲವೂ ಅಷ್ಟಷ್ಟು ಸವೆದು ಹರಿಯುತ್ತದೆ. ಆದುದರಿಂದ ಒಂದೇ ಹೆಸರಿನ ಎರಡು ಪೆಟ್ಟಿಗೆಗಳಲ್ಲಿ ಒಂದೇ ಗುಣದ ಎರಕವಿರುವುದೆಂದು ನಂಬುವಂತಿಲ್ಲ. ಮೊದಮೊದಲು ತೆಗೆದ ಎರಕದ ಗೆರೆಗಳು ಚೂಪಾಗಿಯೂ ಕಡೆಕಡೆಯವು ಮಬ್ಬಾಗಿಯೂ ಇರುತ್ತವೆ.

ಈ ಕಾರಣದಿಂದ ಮೊದಲ ಕೆಲಸ ಅಂಟಿಸುವುದಲ್ಲ, ಅಳೆಯುವುದು. 72ರಲ್ಲಿ ಒಂದರ ಪ್ರಮಾಣವು ಅಂಗುಲದ ಲೆಕ್ಕದಿಂದ ಬಂದದ್ದು. ಆರು ಅಡಿಯ ಮನುಷ್ಯನು ಇಲ್ಲಿ ಒಂದಂಗುಲವಾಗುತ್ತಾನೆ. ಮಾರುತದ ಉದ್ದ 15.87 ಮೀಟರ್, ರೆಕ್ಕೆಯ ಹರವು 9 ಮೀಟರ್; ಪ್ರತಿಕೃತಿಯಲ್ಲಿ ಇವು ಸುಮಾರು 220 ಮತ್ತು 125 ಮಿಲಿಮೀಟರ್ ಆಗಬೇಕು. ರೆಸಿನ್ ಗಟ್ಟಿಯಾಗುವಾಗ ತುಸು ಕುಗ್ಗುತ್ತದೆ. ಕುಗ್ಗಿದ್ದು ನೂರಕ್ಕೆ ಒಂದು ಪಾಲೇ ಎಂದಿಟ್ಟುಕೊಂಡರೂ ಉದ್ದದಲ್ಲಿ 2 ಮಿಲಿಮೀಟರಿಗೆ ಮೇಲ್ಪಟ್ಟು, ಎಂದರೆ ನಿಜವಾದ ವಿಮಾನದಲ್ಲಿ 16 ಸೆಂಟಿಮೀಟರಿನಷ್ಟು, ನಷ್ಟವಾಯಿತು. ಅದನ್ನು ಸರಿಪಡಿಸುವುದೋ ಬಿಡುವುದೋ ಮಾಡುವವನ ಇಷ್ಟ. ತಿಳಿಯದೆ ಬಿಡುವುದು ಮಾತ್ರ ಸಲ್ಲದು.

ಎರಕದ ಭಾಗಗಳನ್ನು ಸಾಬೂನಿನ ನೀರಿನಲ್ಲಿ ತೊಳೆದು, ಅಚ್ಚು ಬಿಡಿಸಲು ಬಳಿದಿದ್ದ ಜಿಡ್ಡನ್ನು ತೆಗೆಯಬೇಕು. ಇಲ್ಲವಾದರೆ ಬಣ್ಣ ಹಿಡಿಯದು. ಸುರಿದ ಬಾಯಿಯಲ್ಲಿ ಉಳಿದ ಗಟ್ಟಿಯನ್ನು ಸಣ್ಣ ಹಲ್ಲಿನ ಗರಗಸದಿಂದ ಕೊಯ್ದು, ಉಪ್ಪುಕಾಗದವನ್ನು ನೀರಿನಲ್ಲಿ ನೆನೆಸಿಯೇ ಉಜ್ಜತಕ್ಕದ್ದು. ಒಣಗಿದ ರೆಸಿನ್ ಧೂಳು ಶ್ವಾಸಕೋಶಕ್ಕೆ ಕೇಡು. ಪ್ರಯೋಗಶಾಲೆಯಲ್ಲಿ ಈ ಕೆಲಸ ಮಾಡಿಸುವ ಅಧ್ಯಾಪಕರು ಇದನ್ನು ಮರೆಯಬಾರದು. ಬಾಗಿದ ರೆಕ್ಕೆಯನ್ನು ಬಿಸಿನೀರಿನಲ್ಲಿ ಅದ್ದಿ, ಸಮನಾದ ಗಾಜಿನ ಮೇಲೆ ಒತ್ತಿ ಆರಿಸಿದರೆ ನೇರವಾಗುತ್ತದೆ. ಪಾಲಿಸ್ಟೈರೀನನ್ನು ಕರಗಿಸಿ ಬೆಸೆಯುವ ಅಂಟು ಇಲ್ಲಿ ಉಪಯೋಗಕ್ಕೆ ಬಾರದು. ಸಯನೋಅಕ್ರಿಲೇಟ್ ಅಥವಾ ಎಪಾಕ್ಸಿ ಬೇಕು. ರೆಕ್ಕೆಯ ಬುಡದಲ್ಲಿ ರಂಧ್ರ ಕೊರೆದು ಹಿತ್ತಾಳೆಯ ತಂತಿಯನ್ನು ಕೀಲಾಗಿ ಸೇರಿಸುವುದು ಲೇಸು.

ಮಾರುತದ ವಿಷಯದಲ್ಲಿ ಕೈ ಹೆಚ್ಚು ಎಚ್ಚರದಿಂದಿರಬೇಕಾದ ಸ್ಥಳವು ಒಡಲಿನ ನಡು. ಶಬ್ದವೇಗದ ಸಮೀಪದಲ್ಲಿ ವಿಮಾನದ ಅಡ್ಡಕೊಯ್ತದ ಒಟ್ಟು ವಿಸ್ತೀರ್ಣವು ಮೂಗಿನಿಂದ ಬಾಲದವರೆಗೆ ಒಮ್ಮೆಲೆ ಏರಿಳಿಯದೆ ನಯವಾಗಿ ಬದಲಾದರೆ ಗಾಳಿಯ ತಡೆ ಕಡಮೆಯಾಗುತ್ತದೆಂಬುದನ್ನು ಅಮೆರಿಕದ ರಿಚರ್ಡ್ ವಿಟ್‌ಕೂಂಬ್ 1952ರ ಸುಮಾರಿಗೆ ತೋರಿಸಿಕೊಟ್ಟರು. ರೆಕ್ಕೆ ಸೇರುವಲ್ಲಿ ವಿಸ್ತೀರ್ಣ ಹೆಚ್ಚುವುದರಿಂದ ಅಲ್ಲಿ ಒಡಲನ್ನು ಕಿರಿದುಗೊಳಿಸಬೇಕು. ಮಾರುತದ ನಡು ಈ ಸೂತ್ರದ ಫಲ. ಎರಡು ಹೋಳುಗಳ ಸಂದನ್ನು ಪುಟ್ಟಿಯಿಂದ ತುಂಬಿ ಉಜ್ಜುವವನು, ನುಣುಪಿನ ಆಸೆಯಿಂದ, ತಗ್ಗನ್ನು ಮುಚ್ಚಿ ಉಬ್ಬನ್ನು ಸವೆಸಿಬಿಡುತ್ತಾನೆ. ಆಗ ಉಳಿಯುವುದು ನುಣ್ಣನೆಯ ಕೊಳವೆ. ವಿನ್ಯಾಸದ ಮುಖ್ಯ ವಿಚಾರವೇ ಉಪ್ಪುಕಾಗದಕ್ಕೆ ಹೋಯಿತು. ರಟ್ಟಿನಲ್ಲಿ ಕತ್ತರಿಸಿದ ಅಳತೆಯಚ್ಚುಗಳನ್ನು ಮೂರು ನಾಲ್ಕು ಕಡೆ ಒಡ್ಡಿ ನೋಡುತ್ತ ಉಜ್ಜುವುದೇ ಇದಕ್ಕೆ ಪರಿಹಾರ.

ಇನ್ನು ರೂಪಾಂತರ. ಮಾರುತದ ಎರಡು ಆಸನದ ತರಬೇತಿ ರೂಪವಾದ ಮಾರ್ಕ್ 1ಟಿ ಮೊದಲು ಹಾರಿದ್ದು 1970ರ ಏಪ್ರಿಲ್ 30ರಂದು. ಒಂದೇ ಆಸನದ ಎರಕದಿಂದ ಇದನ್ನು ಮಾಡಹೊರಟವನಿಗೆ ಒಡಲನ್ನು ಕೊಯ್ದು ಉದ್ದಮಾಡಬೇಕೆಂದು ತೋರಬಹುದು. ಜಾಗ್ವಾರ್ ವಿಮಾನದ ಎರಡು ಆಸನದ ರೂಪ ಉದ್ದವಾದದ್ದು ನಿಜ. ಹಂಟರ್ ವಿಮಾನದಲ್ಲಿ ಆಸನಗಳನ್ನು ಮಗ್ಗುಲು ಮಗ್ಗುಲಾಗಿ ಇರಿಸಿ ಮುಂಭಾಗವನ್ನು ಅಗಲಿಸಿದ್ದೂ ನಿಜ. ಮಾರುತದ ಯುಕ್ತಿ ಬೇರೆ. ಚಾಲಕನ ಹಿಂದೆ ಒಡಲೊಳಗೆ ಅಡಗುತ್ತಿದ್ದ ರಾಕೆಟ್ಟುಗಳ ಗೂಡನ್ನು ತೆಗೆದು, ಆ ಸ್ಥಳವನ್ನು ಎರಡನೆಯ ಆಸನಕ್ಕೆ ಕೊಟ್ಟರು. ಎಂದ ಮೇಲೆ ಬದಲಾವಣೆ ಮೇಲುಗಡೆಯದು ಮಾತ್ರವಲ್ಲ. ಎರಕದ ಹೊಟ್ಟೆಯಲ್ಲಿ ಗೂಡಿನ ಗೆರೆಗಳಿದ್ದರೆ ಅವುಗಳ ಗತಿಯೇನೆಂಬುದನ್ನೂ ಚಿತ್ರಗಳಿಂದ ನಿಶ್ಚಯಿಸಬೇಕು. ಮೇಲೆ ಆಸನ, ಕೆಳಗೆ ಗೂಡು, ಎರಡನ್ನೂ ತೋರಿಸುವ ಪ್ರತಿಕೃತಿಯು ಎಂದೂ ಇಲ್ಲದಿದ್ದ ವಿಮಾನದ ಪ್ರತಿಕೃತಿ.

ಎರಡು ಆಸನಗಳ ಮೇಲಿನ ಪಾರದರ್ಶಕ ಮುಚ್ಚಿಗೆಯನ್ನು ಹೊಸದಾಗಿಯೇ ಮಾಡಬೇಕಾಗುತ್ತದೆ. ಗಟ್ಟಿ ಮರದಲ್ಲಿ ಅದರ ಆಕಾರವನ್ನು ಕಡೆದು, ಕಾಯಿಸಿ ಮೆತ್ತಗಾದ ತಿಳಿ ಪ್ಲಾಸ್ಟಿಕ್ ಹಾಳೆಯನ್ನು ಅದರ ಮೇಲೆ ಎಳೆದು ಕೂರಿಸುವುದು ಕ್ರಮ. ಹಾಳೆಯ ದಪ್ಪ 0.4 ಮಿಲಿಮೀಟರ್ ಆದರೆ ನಿಜದ ಅಳತೆಯಲ್ಲಿ ಅದು ಪ್ರತಿ ಮಗ್ಗುಲಿಗೂ 3 ಸೆಂಟಿಮೀಟರಿನಷ್ಟಾಗುತ್ತದೆ. ಅಷ್ಟನ್ನು ಮರದ ಅಚ್ಚಿನಲ್ಲೇ ಕಳೆದಿರಬೇಕು.

ಆಧಾರಗಳ ಮಾತಿಗೆ ಬರೋಣ. ಹಳೆಯ ಕಾವ್ಯವನ್ನು ಸಂಪಾದಿಸುವವರು ಓಲೆಯ ಪ್ರತಿಗಳನ್ನು ಹೋಲಿಸಿ, ಪಾಠಾಂತರಗಳನ್ನು ತೂಗಿ, ಯಾವ ಪ್ರತಿ ಯಾವುದರಿಂದ ನಕಲಾಯಿತೆಂದು ವಿಚಾರಿಸುವರಷ್ಟೆ. ಇಲ್ಲಿಯೂ ಆ ವಿವೇಕವೇ ಬೇಕು. ಪೆಟ್ಟಿಗೆಯೊಳಗಿನ ಎರಕವು ಮೂಲವಲ್ಲ, ಒಂದು ಪ್ರತಿ. ಅದನ್ನು ಕೆತ್ತಿದವನು ಯಾವ ನಕ್ಷೆಯನ್ನು ನಂಬಿದನೋ ಆ ನಕ್ಷೆಯ ತಪ್ಪೆಲ್ಲ ಅದರಲ್ಲಿದೆ. ಐದು ನಕ್ಷೆಗಳು ಒಂದೇ ಮಾತನ್ನು ಹೇಳಿದರೂ ಅವು ಒಂದೇ ತಾಯಿಯ ಮಕ್ಕಳಾದರೆ ಸಾಕ್ಷಿ ಒಂದೇ. ಛಾಯಾಚಿತ್ರವು ಹೆಚ್ಚಿನ ಪ್ರಮಾಣ. ಆದರೆ ಹತ್ತಿರದಿಂದ ತೆಗೆದ ಚಿತ್ರದಲ್ಲಿ ಮೂಗು ದೊಡ್ಡದಾಗಿಯೂ ಬಾಲ ಚಿಕ್ಕದಾಗಿಯೂ ಕಾಣುವುದರಿಂದ, ದೂರದಿಂದ ನೇರ ಮಗ್ಗುಲಾಗಿ ತೆಗೆದ ಚಿತ್ರಗಳಲ್ಲಿ ಮಾತ್ರ ಅಳತೆ ಹಿಡಿಯಬೇಕು. ಉಳಿದಿರುವ ವಿಮಾನಗಳಂತೂ ಎಲ್ಲಕ್ಕಿಂತ ಮಿಗಿಲು. ಬೆಂಗಳೂರಿನ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದಲ್ಲಿಯೂ ಎಚ್.ಎ.ಎಲ್. ವಸ್ತುಸಂಗ್ರಹಾಲಯದಲ್ಲಿಯೂ ಮಾರುತವನ್ನು ಕಾಣಬಹುದು. ಮ್ಯೂನಿಕ್ ಬಳಿಯ ಶ್ಲೈಸ್‌ಹೈಮಿನಲ್ಲಿಯೂ ಒಂದಿದೆ. ಆಕಾರಕ್ಕೆ ಇವು ಸಾಕ್ಷಿ. ಬಣ್ಣಕ್ಕೆ ಅಲ್ಲ, ಏಕೆಂದರೆ ಪ್ರದರ್ಶನದ ವಿಮಾನಕ್ಕೆ ಮತ್ತೆ ಮತ್ತೆ ಬಣ್ಣ ಬಳಿಯುವುದುಂಟು. 1967ರಲ್ಲಿ ವಾಯುಪಡೆಗೆ ಸೇರಿದಾಗಿನ ಬಣ್ಣವೇ 1971ರ ಡಿಸೆಂಬರ್ ಯುದ್ಧದಲ್ಲಿಯೂ ಇದ್ದಿತೆಂದು ಊಹಿಸುವುದೂ ಸರಿಯಲ್ಲ. ಇಂತಹ ದಿನದ, ಇಂತಹ ಸಂಖ್ಯೆಯ ವಿಮಾನವೆಂದು ಮೊದಲೇ ಗೊತ್ತುಮಾಡಿಕೊಂಡರೆ ಈ ಗೊಂದಲ ಬಹುಪಾಲು ತಪ್ಪುತ್ತದೆ.

ವಿವರಗಳಿಗೂ ಮಿತಿಯಿದೆ. 30 ಮಿಲಿಮೀಟರ್ ಏಡನ್ ಫಿರಂಗಿಯ ಬಾಯಿ ಈ ಪ್ರಮಾಣದಲ್ಲಿ 0.4 ಮಿಲಿಮೀಟರ್, ಅದನ್ನು ಕೊರೆಯಬಹುದು. ತಗಡುಗಳ ಸಂದುಗೆರೆಯನ್ನು 0.1 ಮಿಲಿಮೀಟರ್ ಅಗಲಕ್ಕೆ ಗೀರಿದರೂ ಅದು ನಿಜದಲ್ಲಿ 7 ಮಿಲಿಮೀಟರಿನ ಬಿರುಕು; ಅಂತಹ ಬಿರುಕುಗಳಿದ್ದ ವಿಮಾನವನ್ನು ಯಾರೂ ಹಾರಿಸಲೊಪ್ಪರು. ಗೆರೆಗಳನ್ನು ಆಳವಾಗಿ ಗೀರಿ ಕಪ್ಪು ತುಂಬುವ ಈಚಿನ ಅಭ್ಯಾಸವನ್ನು ನಾವು ಒಪ್ಪಲಾರೆವು. ಭಾರದ ಲೆಕ್ಕವನ್ನೂ ಮೊದಲೇ ನೋಡಬೇಕು. ಹಿಂಭಾಗದ ರೆಸಿನ್ ತೂಕಕ್ಕೆ ಪ್ರತಿಕೃತಿಯು ಬಾಲದ ಮೇಲೆ ಕುಳಿತುಬಿಡದಂತೆ, ಮೂಗನ್ನು ಮುಚ್ಚುವ ಮುನ್ನ ಅದರೊಳಗೆ ಸೀಸದ ಚೂರುಗಳನ್ನು ಅಂಟಿಸಬೇಕು. ಚಕ್ರದ ಕಾಲುಗಳನ್ನು ರೆಸಿನ್ನಿನಲ್ಲಿ ಬಿಡದೆ ಲೋಹದ ತಂತಿಯಿಂದ ಮಾಡಬೇಕು, ಏಕೆಂದರೆ ರೆಸಿನ್ ಕಾಲುಗಳು ಬೇಸಗೆಯ ಸೆಕೆಯಲ್ಲಿ ಮೆಲ್ಲಮೆಲ್ಲನೆ ಬಾಗುತ್ತವೆ.

ಕೆಲಸ ಮುಗಿದ ಮೇಲೆ ಪೀಠದ ಹಲಗೆಯ ಅಡಿಯಲ್ಲಿ ಒಂದು ಕಾಗದವನ್ನು ಅಂಟಿಸುವ ಪದ್ಧತಿಯನ್ನು ನಾವು ವಿದ್ಯಾರ್ಥಿಗಳಿಗೆ ಸೂಚಿಸುತ್ತೇವೆ. ಅಳೆದು ಮಾಡಿದ ಭಾಗಗಳು ಯಾವುವು, ಚಿತ್ರ ನೋಡಿ ಮಾಡಿದವು ಯಾವುವು, ಬರಿಯ ಊಹೆಯಿಂದ ತುಂಬಿದವು ಯಾವುವು ಎಂಬುದನ್ನು ಅದರಲ್ಲಿ ಬೇರೆಬೇರೆಯಾಗಿ ಬರೆದು ತಾರೀಖು ಹಾಕಿದರೆ ಸಾಕು. ಹಿಂದಿನ ಆಸನದ ಉಪಕರಣ ಫಲಕವು ಬಹುಶಃ ಮೂರನೆಯ ಪಟ್ಟಿಯಲ್ಲಿಯೇ ಸೇರೀತು.