ನೋತ್ರ ದಾಮ್ ಛಾವಣಿ ಯಾಕೆ ಪೂರ್ತಿ ಬೀಳಲಿಲ್ಲ?

2019ರ ಏಪ್ರಿಲ್ 15ರ ಸಂಜೆ ಪ್ಯಾರಿಸ್‌ನ ನೋತ್ರ ದಾಮ್ ಚರ್ಚಿಗೆ ಬೆಂಕಿ ಬಿತ್ತು. ಟಿವಿ ನೋಡಿದವರಿಗೆಲ್ಲ ಕಟ್ಟಡವೇ ಹೋಯ್ತು ಅನ್ನಿಸಿತ್ತು. ಆದರೆ ಸುಟ್ಟುಹೋಗಿದ್ದು ಮೇಲಿನ ಮರದ ಮಾಡು ಮತ್ತು ಶಿಖರ. ಅದರ ಕೆಳಗೆ ಕಲ್ಲಿನ ಇನ್ನೊಂದು ಛಾವಣಿ ಇದೆ, ಅದೇ ವಾಲ್ಟ್, ಅಂದ್ರೆ ಕಮಾನು ಛಾವಣಿ. ಉರಿಯುವ ತೊಲೆಗಳು ಅದರ ಮೇಲೇ ಬಿದ್ದವು. ಶಿಖರ ಕುಸಿದಲ್ಲಿ ಮತ್ತು ಇನ್ನೆರಡು ಕಡೆ ದೊಡ್ಡ ತೂತಾಯ್ತು. ಉಳಿದದ್ದು ನಿಂತಿತು. ಅದಕ್ಕೆ ಸುಮಾರು 800 ವರ್ಷ ವಯಸ್ಸು, ಒಳಗಿರೋದು ಕಲ್ಲು ಮತ್ತು ಸುಣ್ಣದ ಗಾರೆ ಅಷ್ಟೇ.

ಕಟ್ಟುತ್ತಿದ್ದದ್ದು ಹೀಗೆ. ಮೊದಲು ಬಡಗಿಗಳು ಕಮಾನಿನ ಆಕಾರದ ಮರದ ಚೌಕಟ್ಟು ನಿಲ್ಲಿಸುತ್ತಾರೆ. ಅದರ ಹೆಸರು ಸೆಂಟರಿಂಗ್. ಹೌದು, ನಮ್ಮೂರಲ್ಲಿ ಮೋಲ್ಡ್ ಹಾಕೋ ಮುಂಚೆ ಮೇಸ್ತ್ರಿ 'ಸೆಂಟ್ರಿಂಗ್ ಆಯ್ತಾ?' ಅಂತ ಕೇಳ್ತಾರಲ್ಲ, ಅದೇ ಪದ! ಚೌಕಟ್ಟಿನ ಮೇಲೆ ಮೊದಲು ಕರ್ಣದಲ್ಲಿ ಹಾಯುವ ಪಕ್ಕೆಲುಬಿನಂಥ ಕಮಾನುಗಳು, ಅಂದರೆ ರಿಬ್‌ಗಳು. ಅವು ಸೇರುವ ತುದಿಯಲ್ಲಿ ಕೀಸ್ಟೋನ್. ಆಮೇಲೆ ರಿಬ್‌ಗಳ ನಡುವಿನ ಜಾಗವನ್ನು ತೆಳು ಕಲ್ಲುಗಳಿಂದ ಸಾಲುಸಾಲಾಗಿ ಮುಚ್ಚುತ್ತಾರೆ. ಸುಣ್ಣದ ಗಾರೆ ಗಟ್ಟಿಯಾಗೋದು ಬಹಳ ನಿಧಾನ. ಹಾಗಾಗಿ ಚೌಕಟ್ಟು ಇಳಿಸಿದಾಗ ಕಮಾನು ಸ್ವಲ್ಪ ಕುಳಿತುಕೊಂಡರೂ ಗಾರೆ ಬಗ್ಗಿಕೊಡುತ್ತದೆ.

ನಿಜವಾದ ತಲೆನೋವು ಭಾರ ಅಲ್ಲ, ತಳ್ಳು. ಕಮಾನು ಕೆಳಕ್ಕೆ ಒತ್ತೋದರ ಜೊತೆಗೆ ಗೋಡೆಯನ್ನು ಹೊರಕ್ಕೂ ದೂಡುತ್ತದೆ. ಭಾರ ಸಮವಾಗಿ ಹರಡಿದ ಪ್ಯಾರಾಬೋಲಾ ಕಮಾನಿಗೆ ನಾವು ಓದಿರೋ ಸೂತ್ರ: ಅಡ್ಡ ತಳ್ಳು = ಪ್ರತಿ ಮೀಟರಿನ ಭಾರ × ಅಗಲದ ವರ್ಗ ÷ (8 × ಎತ್ತರ). ಎತ್ತರ ಎರಡು ಪಟ್ಟಾದರೆ ತಳ್ಳು ಅರ್ಧ. ಗಾಥಿಕ್ ಕಮಾನಿನ ಚೂಪು ತುದಿ ಬರೀ ಅಂದಕ್ಕಲ್ಲ ಅನ್ನೋದು ಇಲ್ಲಿ ಗೊತ್ತಾಗುತ್ತೆ. ಆ ಮೇಸ್ತ್ರಿಗಳ ಹತ್ತಿರ ಈ ಸೂತ್ರ ಇರಲಿಲ್ಲ, ಇದ್ದದ್ದು ಅನುಭವ. ಅದೂ ಕೆಲವೊಮ್ಮೆ ಕೈಕೊಟ್ಟಿದೆ. ಬೋವೆ ಚರ್ಚಿನಲ್ಲಿ ಸುಮಾರು 48 ಮೀಟರ್ ಎತ್ತರಕ್ಕೆ ಹೋದರು, 1284ರಲ್ಲಿ ಛಾವಣಿಯ ಒಂದು ಭಾಗ ಕುಸಿಯಿತು.

ಉಳಿಯುವ ಅಡ್ಡ ತಳ್ಳನ್ನು ಹೊರಗಿನ ಫ್ಲೈಯಿಂಗ್ ಬಟ್ರೆಸ್‌ಗಳು ಹೊರುತ್ತವೆ. ಇವು ಗೋಡೆಗೆ ಒರಗಿಸಿದ ಅರ್ಧ ಕಮಾನುಗಳು. ಒಳಗಿಂದ ಛಾವಣಿ ಹೊರಕ್ಕೆ ದೂಡಿದರೆ ಇವು ಒಳಕ್ಕೆ ದೂಡುತ್ತವೆ, ಲೆಕ್ಕ ಸಮ.

ಬೆಂಕಿ ಆರಿದ ಮೇಲೆ ಎಂಜಿನಿಯರುಗಳಿಗೆ ಭಯ ಹುಟ್ಟಿಸಿದ್ದು ಇದೇ. ಒಳಗಿನ ಕಮಾನು ಇನ್ನಷ್ಟು ಬಿದ್ದರೆ ಬಟ್ರೆಸ್‌ಗಳಿಗೆ ಎದುರಾಳಿ ಇರಲ್ಲ, ಅವೇ ಗೋಡೆಯನ್ನು ಒಳಕ್ಕೆ ಕೆಡವಬಹುದು. ಅದಕ್ಕೇ 28 ಬಟ್ರೆಸ್‌ಗಳ ಕೆಳಗೂ ಮರದ ಸೆಂಟರಿಂಗ್ ಕೂರಿಸಿದರು. ಬಿದ್ದ ಭಾಗಗಳನ್ನೂ ಹಳೇ ಕ್ರಮದಲ್ಲೇ ಮತ್ತೆ ಕಟ್ಟಿದರು: ಮೊದಲು ಮರ, ಆಮೇಲೆ ರಿಬ್, ಕೊನೆಗೆ ನಡುವಿನ ಕಲ್ಲು. 2024ರ ಡಿಸೆಂಬರ್‌ನಲ್ಲಿ ಚರ್ಚ್ ಮತ್ತೆ ತೆರೆಯಿತು.