ತೇಗದ ಮೈಯ ಯುದ್ಧನೌಕೆ

ಹಾಯಿಹಡಗುಗಳ ಕಾಲದಲ್ಲಿ ಮಹಾನೌಕೆಗಳು ಎರಡು ಮೂರು ಅಟ್ಟಗಳಲ್ಲಿ ಫಿರಂಗಿಗಳನ್ನು ಹೊತ್ತು ಸಾಲುಗಟ್ಟಿ ನಿಂತು ಕಾದುತ್ತಿದ್ದುವು. ‘ಫ್ರಿಗೇಟ್’ ಎಂಬ ಹಗುರವಾದ ನೌಕೆಗಳಾದರೋ ಶತ್ರುವಿನ ಸುಳಿವು ತಿಳಿಯುವುದಕ್ಕೂ ವರ್ತಕರ ಹಡಗುಗಳನ್ನು ಕಾಯುವುದಕ್ಕೂ ಆಗಿದ್ದುವು. ಸೈನ್ಯದಲ್ಲಿ ರಾವುತರು ಹೇಗೋ ಕಡಲಿನಲ್ಲಿ ಇವು ಹಾಗೆ. ಇವುಗಳಲ್ಲಿ ‘ಲೀಡಾ’ ವರ್ಗವನ್ನು ಕುರಿತು ಶ್ರೋತೃಗಳಿಗೆ ನಾಲ್ಕು ಮಾತು ಹೇಳಬಯಸುತ್ತೇವೆ.

ಈ ವರ್ಗದ ಮೂಲರೂಪ ಆಂಗ್ಲೇಯರದಲ್ಲ. ಸಾನೇ ಎಂಬ ಫ್ರೆಂಚ್ ನೌಕಾಶಿಲ್ಪಿ ರೂಪಿಸಿದ ‘ಹೆಬೆ’ಯನ್ನು ಅವರು 1782ರಲ್ಲಿ ಸೆರೆಹಿಡಿದು, ಅದರ ಮಾದರಿಯಲ್ಲಿಯೇ ‘ಲೀಡಾ’ವನ್ನು ಕಟ್ಟಿ 1800ರಲ್ಲಿ ನೀರಿಗಿಳಿಸಿದರು. ಮುಂದೆ ಅದೇ ನಕ್ಷೆಯಿಂದ 40ಕ್ಕೂ ಮೇಲ್ಪಟ್ಟು ನೌಕೆಗಳು ಹುಟ್ಟಿದುವು. ಒಂದೊಂದರ ಫಿರಂಗಿಯ ಅಟ್ಟದ ಉದ್ದ ಸುಮಾರು 150 ಅಡಿ. ಅಲ್ಲಿ 18 ಪೌಂಡು ತೂಕದ ಗುಂಡನ್ನೆಸೆಯುವ 28 ಫಿರಂಗಿಗಳು. ನೌಕೆಯಲ್ಲಿ ಸುಮಾರು 300 ಮಂದಿ. 1813ರ ಜೂನ್ 1ರಂದು ಬಾಸ್ಟನ್ ನಗರದ ಹೊರಗಡಲಿನಲ್ಲಿ ಅಮೆರಿಕದ ‘ಚೆಸಪೀಕ್’ ನೌಕೆಯನ್ನು ಕಾಲು ಗಂಟೆಯೊಳಗೆ ಗೆದ್ದ ‘ಷ್ಯಾನನ್’ ಈ ವರ್ಗದ್ದೇ.

ನಕ್ಷೆ ಒಂದೇ ಆದರೂ ಆಯುಸ್ಸು ಒಂದೇ ಆಗಲಿಲ್ಲ. ಅದನ್ನು ನಿರ್ಣಯಿಸಿದುದು ಮರ. ಯುದ್ಧದ ಅವಸರದಲ್ಲಿ ಕೆಲವನ್ನು ಪೈನ್ ಮರದಿಂದ ಕಟ್ಟಿದರು. ಮೆದುವಾದ ಮರದ ಕೆಲಸ ಬೇಗ ಮುಗಿಯುತ್ತದೆ, ಕೊಳೆಯುವುದೂ ಬೇಗ. 1813ರಲ್ಲಿ ನೀರಿಗಿಳಿದ ‘ಸಿಡ್ನಸ್’ ನೌಕೆಯನ್ನು 1816ರಲ್ಲಿಯೇ ಒಡೆದುಹಾಕಿದರು. ಓಕ್ ಮರ ಗಟ್ಟಿಯೇನೋ ಹೌದು. ಆದರೆ ಅದರಲ್ಲಿರುವ ಆಮ್ಲವು ಕಬ್ಬಿಣದ ಮೊಳೆಗಳನ್ನು ತಿನ್ನುತ್ತದೆ. ತೇಗದಲ್ಲಿರುವ ಎಣ್ಣೆಯು ಮೊಳೆಗಳನ್ನು ಕಾಪಾಡಿ, ಹುಳುಗಳನ್ನೂ ಕೊಳೆಯುವಿಕೆಯನ್ನೂ ತಡೆಯುತ್ತದೆ.

ಈ ಗುಣವನ್ನು ಚೆನ್ನಾಗಿ ಬಲ್ಲವರು ಮುಂಬಯಿಯ ಪಾರ್ಸಿ ನೌಕಾಶಿಲ್ಪಿಗಳಾದ ವಾಡಿಯಾ ಮನೆತನದವರು. ಅವರಿಗೆಂದು ಕಳುಹಿಸಿದ್ದ ಮೊದಲ ನಕ್ಷೆಯು, 1812ರಲ್ಲಿ ಅಮೆರಿಕನ್ನರಿಗೆ ಸೋತ ‘ಜಾವಾ’ ನೌಕೆಯೊಡನೆ ಹಾಳಾಯಿತು; ಇನ್ನೊಂದು ಪ್ರತಿಯನ್ನು ಕಳುಹಿಸಬೇಕಾಯಿತು. ಜಮ್‌ಷೆಟ್‌ಜಿ ಬೊಮನ್‌ಜಿ ವಾಡಿಯಾ ಅವರು ಮಲಬಾರಿನ ತೇಗದಿಂದ ಕಟ್ಟಿದ ‘ಟ್ರಿಂಕೋಮಲಿ’ 1817ರ ಅಕ್ಟೋಬರ್ 12ರಂದು ನೀರಿಗಿಳಿಯಿತು. ಆ ವೇಳೆಗೆ ಯುದ್ಧವೇ ಮುಗಿದಿತ್ತು. ಇಂಗ್ಲೆಂಡಿನಲ್ಲಿ ಕಾಲು ಶತಮಾನ ಕೆಲಸವಿಲ್ಲದೆ ನಿಂತಿದ್ದು, 1847ರಿಂದ 1857ರೊಳಗೆ ಅಟ್ಲಾಂಟಿಕ್ ಮತ್ತು ಪೆಸಿಫಿಕ್ ಸಾಗರಗಳಲ್ಲಿ ಸೇವೆ ಸಲ್ಲಿಸಿ, ಅನಂತರ ತರುಣರಿಗೆ ನಾವಿಕವಿದ್ಯೆಯ ಶಾಲೆಯಾಯಿತು.

ಈ ವರ್ಗದಲ್ಲಿ ಇಂದು ಉಳಿದಿರುವುವು ಎರಡೇ. 1824ರ ‘ಯೂನಿಕಾರ್ನ್’ ಸ್ಕಾಟ್ಲೆಂಡಿನ ಡಂಡೀಯಲ್ಲಿದೆ. ಅದಕ್ಕೆ ಪಟಸ್ತಂಭಗಳನ್ನೇ ಏರಿಸದೆ ಮೇಲೆ ಚಾವಣಿ ಹೊದಿಸಿ ಕಾಪಾಡಿದರು. ಕಡಲುಗಳನ್ನು ಕಂಡುಬಂದ ‘ಟ್ರಿಂಕೋಮಲಿ’ಯು ಇಂಗ್ಲೆಂಡಿನ ಹಾರ್ಟ್‌ಲ್‌ಪೂಲಿನಲ್ಲಿ ಇಂದಿಗೂ ತೇಲುತ್ತಿದೆ. ಅದರ ರೂಪ ಫ್ರಾನ್ಸಿನದು, ಅಪ್ಪಣೆ ಇಂಗ್ಲೆಂಡಿನದು. ಮರವೂ ಕಟ್ಟಿದ ಕೈಗಳೂ ನಮ್ಮ ದೇಶದವು.